ಹೊರಗಂಬಿಯ ಒಳಮಗ್ಗುಲು

ಹೊಗೆಮಟ್ಟಿ ಸ್ಟೇಷನ್
12-10-1926

ಅಪ್ಪನವರ ಪಾದಕ್ಕೆ ಸಂಜೀವಯ್ಯನ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನಿಮ್ಮ ಮೊಣಕಾಲು ಹೇಗಿದೆ? ಗಾಲಿಗೆ ಕಬ್ಬಿಣದ ಪಟ್ಟ ಹಾಕುವಾಗ ಬೆಂಕಿಯ ಮುಂದೆ ಕುಕ್ಕರುಗಾಲಲ್ಲಿ ಕೂರಬೇಡಿ ಎಂದರೆ ನೀವು ಕೇಳುವವರಲ್ಲ, ಆದರೂ ಬರೆದಿದ್ದೇನೆ.

ಒಂದು ವಿಷಯ ನಾಚಿಕೆ ಬಿಟ್ಟು ಕೇಳಬೇಕಾಗಿದೆ. "ಮರದ ಗಾಲಿ ಬುಟ್ಟು ಕಬ್ಬಿಣದ ಗಾಲಿ ಹಿಂದೆ ಹೋಗೋನು ನನ್ನತ್ರ ಏನೂ ಕೇಳ್ಕೂಡ್ದು" ಎಂದು ಎರಡು ವರ್ಷದ ಹಿಂದೆ ನೀವು ಅಂಗಳದಲ್ಲಿ ನಿಂತು ಹೇಳಿದ್ದು ನನಗೆ ಮರೆತಿಲ್ಲ. ಈಗ ಕೇಳುವ ಗತಿ ಬಂದಿದೆ.

ಇಲ್ಲಿ ಬೆಟ್ಟದ ಮೇಲಿನ ಗಣಿಯಿಂದ ಅದಿರು ತುಂಬಿದ ಗೂಡ್ಸ್ ಗಾಡಿ ದಿನಕ್ಕೆ ನಾಲ್ಕು ಸಲ ಇಳಿಯುತ್ತದೆ. ಸುತ್ತಿಗೆಯಿಂದ ಗಾಲಿ ತಟ್ಟಿ ಸದ್ದು ಕೇಳುವುದು, ಸವೆತ ಅಳೆಯುವುದು ನನ್ನ ಕೆಲಸ. ರೈಲುಗಾಲಿಯ ಒಳಬದಿಗೆ ಒಂದು ತುಟಿ ಇರುತ್ತದೆ. ಗಾಲಿ ಕಂಬಿ ಬಿಟ್ಟು ಇಳಿಯದಂತೆ ತಡೆಯುವುದು ಅದೇ. ಇಲ್ಲಿಯವರು ಪಿಲಾಂಜು ಅನ್ನುತ್ತಾರೆ. ಎರಡು ವರ್ಷ ಬಾಳಬೇಕಾದ ತುಟಿ ನಾಲ್ಕೇ ತಿಂಗಳಿಗೆ ಕುಡುಗೋಲಿನ ಬಾಯಿಯಷ್ಟು ತೆಳ್ಳಗಾಗುತ್ತಿದೆ. ಹಾಗೆ ತೆಳ್ಳಗಾದದ್ದು ಎಲ್ಲಾದರೂ ಕಂಬಿ ಹತ್ತಿಬಿಟ್ಟರೆ ಗಾಡಿ ಕಂದಕಕ್ಕೆ ಬಿದ್ದಂತೆಯೇ. ಸಾಹೇಬರು ನೀನು ಅಳೆಯುವುದೇ ತಪ್ಪು ಅನ್ನುತ್ತಾರೆ. ಕಾರಣ ಹುಡುಕಿ ಹೇಳಿದರೆ ರಜ, ಹೇಳದಿದ್ದರೆ ಸಂಕ್ರಾಂತಿಗೆ ಸುತ್ತಿಗೆ ಕೆಳಗಿಡು ಅಂದಿದ್ದಾರೆ. ಎರಡು ವರ್ಷದಿಂದ ಊರಿನ ಮುಖ ಕಾಣದವನಿಗೆ ರಜ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಕೊಳಾಲದ ಓಬಕ್ಕನ ಮಗ ಪಾಲಪ್ಪ ಇಲ್ಲೇ ಬ್ರೇಕ್‌ಮನ್. ಇಳಿಜಾರಿನಲ್ಲಿ ಕೊನೆಯ ವ್ಯಾಗನ್ನಿನಲ್ಲಿ ನಿಂತು ಬ್ರೇಕು ತಿರುಗಿಸುವವನು. ನಮ್ಮಿಬ್ಬರದೂ ಒಂದೇ ಒಲೆ. "ನಿಮ್ಮಪ್ಪನ್ನ ಕೇಳ್ಲಾ, ಆವಪ್ಪ ಗಾಲಿ ಕೂಡೆ ಮಾತಾಡ್ತಾನೆ" ಎಂದು ನನ್ನ ಬೆನ್ನು ಬಿದ್ದವನು ಅವನೇ.

ಪತ್ರ ಓದಿ ಹೇಳುವವರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಮಗ
ಸಂಜೀವಯ್ಯ


ಮಧುಗಿರಿ
24-10-1926
(ಕಾರ್ಡು)

ಚಿರಂಜೀವಿ ಸಂಜೀವಯ್ಯನಿಗೆ ಗಾಲಿ ಬೊಮ್ಮಪ್ಪನ ಆಶೀರ್ವಾದ.

ಹೇಳ್ತಿರೋದು ನಾನು, ಬರೀತಿರೋದು ನಿನ್ನೆಂಡ್ತಿ ಗಂಗರತ್ನ. ಹೇಳ್ದಂಗೇ ಬರೀಬೇಕು, ಪುಸ್ತಕದ ಮಾತು ತುರುಕ್ಬಾರ್ದು ಅಂದಿವ್ನಿ. ತಿರುಮಣಿ ಹುಡ್ಗಿ, ತೆಲುಗ್ನಾಗೆ ಗೊಣಕ್ಕಂಡು ಕನ್ನಡ ಬರೀತಾಳೆ. ನಿನ್ ಹೆಸ್ರು ಬಾಯಾಗೆ ಹೇಳಾಕಿಲ್ಲ, ಕೈಯಾಗೆ ಬರೀತಾಳೆ, ಅದೇನ್ ಶಾಸ್ತ್ರವೋ. ಕಾರ್ಡೇ ಸಾಕು, ಮುಚ್ಚಿಡೋ ಮಾತೇನೈತೆ ನಮ್ದು.

ಲೇ, ನೀನು ಗಾಲಿ ನೋಡ್ತಾ ಕುಂತಿದೀಯ. ಗಾಲಿ ಪಾಪ ಏನ್ ಮಾಡೀತು, ದಾರಿ ಹೆಂಗೋ ಅಂಗೆ ಸವೀತದೆ. ಮದಲೂರು ಕೆರೆ ಏರಿ ಮ್ಯಾಲೆ ಬರೋ ಗಾಡಿ ಪಟ್ಟ ನುಣ್ಣಗಿರ್ತದೆ, ಮರಳು. ಪಾವಗಡದ ಗಾಡಿ ಪಟ್ಟದ ತುಂಬ ಕಚ್ಚು, ಕಲ್ಲು. ಶಿರಾದ ಸಾಬರ ಗಾಡಿಗಳು ತುಂಬ್ಕಂಡು ಬರೋದು ಇತ್ಲಾಗೇ, ಬೆಟ್ಟ ಬಳಸೋ ತಿರುವ್ನಾಗೆ ಎಡಗಾಲಿಗೇ ಏಟು. ಪಟ್ಟ ನೋಡಿ ಊರು ಹೇಳ್ತಿರ್ಲಿಲ್ವಾ ನಾನು? ನೀನು ಪಂದ್ಯ ಕಟ್ಟಿ ಸೋತು ಅಳ್ತಿದ್ದೆ. ಕಂಬಿ ಹಿಡ್ಕಂಡು ನಡಿ. ಯಾವ ಮಗ್ಗುಲ ಗಾಲಿ ಸವೀತದೆ, ಎಲ್ಲಿ ಕಂಬಿ ಹೊಳೀತದೆ, ಎಲ್ಲಿ ಕಬ್ಬಿಣದ ಪುಡಿ ಬಿದ್ದೈತೆ ನೋಡಿ ಬರಿ. ಈ ಸಂವತ್ಸರದ ಹೆಸ್ರೇ ಕ್ಷಯ ಕಣ್ಲಾ, ಸವೀದೆ ಇನ್ನೇನಾದೀತು. ಜಾಗ ಮುಗೀತು ಅಂತವ್ಳೆ.

ಬೊಮ್ಮಪ್ಪ


ಹೊಗೆಮಟ್ಟಿ
28-11-1926

ಅಪ್ಪನವರಿಗೆ ನಮಸ್ಕಾರ.

ನೀವು ಹೇಳಿದಂತೆ ಎರಡು ಭಾನುವಾರ ಕಂಬಿ ಹಿಡಿದು ನಡೆದೆ. ಪಾಲಪ್ಪನೂ ಹುರಿಗಡಲೆ ಜೇಬಿಗೆ ತುಂಬಿಕೊಂಡು ಬಂದಿದ್ದ. "ನಾನು ದಿನಾ ಇದರ ಮ್ಯಾಲೇ ಇಳೀತೀನಿ, ನಂಗೆ ಕಾಣ್ದಿರೋದು ನಿಂಗೇನ್ಲಾ ಕಾಣ್ತದೆ" ಎಂದು ದಾರಿಯುದ್ದಕ್ಕೂ ಅಣಕಿಸಿದ. ಆಮೇಲೆ ಅವನೇ ಮಂಡಿಯೂರಿ ನೋಡಿದ.

ನೇರ ದಾರಿಯಲ್ಲಿ ಏನೂ ಇಲ್ಲ. ಎರಡು ಕಂಬಿ ಕೂಡುವ ಕಡೆ ಕೆಲವು ಮರದ ದಿಮ್ಮಿಗಳು ಕುಸಿದಿವೆ, ಅಲ್ಲಿ ಗಾಲಿ ಧಡ್ ಎಂದು ಇಳಿದು ಹತ್ತುತ್ತದೆ. ಇಳಿಜಾರಿನಲ್ಲಿ ಪಾಲಪ್ಪ ಬ್ರೇಕು ಬಿಗಿದಾಗ ಕೆಲವು ಗಾಲಿ ತಿರುಗುವುದನ್ನೇ ನಿಲ್ಲಿಸಿ ಜಾರಿಕೊಂಡು ಬರುತ್ತವೆ, ಅವುಗಳ ಮೈ ಒಂದು ಕಡೆ ಚಪ್ಪಟೆಯಾಗಿದೆ. ಇವೆಲ್ಲ ಸಣ್ಣ ಪೆಟ್ಟು. ದೊಡ್ಡ ಕಳ್ಳ ಐದನೇ ಮೈಲಿಯಲ್ಲಿದ್ದಾನೆ. ಅಲ್ಲಿ ದಾರಿ ಬಲಕ್ಕೆ ಕೊಕ್ಕೆಯಂತೆ ತಿರುಗುತ್ತದೆ, ನಾವು ಅದನ್ನು ಕೊಕ್ಕೆ ತಿರುವು ಅನ್ನುತ್ತೇವೆ. ಎಡಗಡೆಯ ಕಂಬಿ, ಅಂದರೆ ಹೊರಗಂಬಿ, ಅದರ ಒಳಮಗ್ಗುಲಲ್ಲಿ ನನ್ನ ಮೀಸೆ ಕಾಣುವಷ್ಟು ಹೊಳಪು. ಗಾಲಿಯ ತುಟಿ ಅಲ್ಲಿಗೆ ಒತ್ತಿಕೊಂಡು ಉಜ್ಜುತ್ತದೆ. ಕಂಬಿಯ ತಲೆಯೂ, ಅಂದರೆ ಗಾಲಿ ಉರುಳುವ ಮೇಲ್ಮೈಯೂ, ಸ್ವಲ್ಪ ಸವೆದಿದೆ. ಕೆಳಗೆ ಕಬ್ಬಿಣದ ಪುಡಿ ರಾಗಿಹಿಟ್ಟಿನಂತೆ ಬಿದ್ದಿತ್ತು. ಒಂದು ಹಿಡಿ ಎತ್ತಿದೆ. ನಾಲ್ಕು ತಿಂಗಳಿಂದ ನಾನು ಹುಡುಕುತ್ತಿದ್ದ ತುಟಿಗಳೆಲ್ಲ ನನ್ನ ಅಂಗೈಯಲ್ಲಿದ್ದವು.

ತುಂಬಿದ ಗಾಡಿ ಯಾವಾಗಲೂ ಒಂದೇ ದಿಕ್ಕಿಗೆ ಇಳಿಯುತ್ತದಲ್ಲ, ಅದಕ್ಕೇ ಎಡಗಾಲಿಗಳಿಗೆ ಮಾತ್ರ ಏಟು. ನಿಮ್ಮ ಶಿರಾ ಗಾಡಿಯ ಕಥೆಯೇ. ತಿರುವಿನಲ್ಲಿ ಹೊರಗಂಬಿಯನ್ನು ಒಳಗಂಬಿಗಿಂತ ಎತ್ತರಿಸಬೇಕು, ಇಲ್ಲಿ ಎತ್ತರಿಸಿರುವುದು ಸಾಲದು. ಪುಡಿಯನ್ನು ಕಾಗದದಲ್ಲಿ ಕಟ್ಟಿ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಕಂಬಿ ಎತ್ತಿಸುವುದು ಮುಂದಿನ ವರ್ಷದ ಮಾತು, ಅಲ್ಲಿಯವರೆಗೆ ಗಾಲಿ ಉಳಿಸುವ ದಾರಿ ಹುಡುಕು, ಹುಡುಕಿದರೆ ಯುಗಾದಿಗೆ ಹದಿನೈದು ದಿನ ರಜ ಅಂದರು.

ಹದಿನೈದು ದಿನ, ಅಪ್ಪ. ಏನಾದರೂ ಹೇಳಿ.

ಓದುವವರ ದನಿ ಹೇಗಿರುತ್ತದೆಂದು ಕೆಲವು ಸಲ ನೆನಪು ಮಾಡಿಕೊಳ್ಳುತ್ತೇನೆ. ಇದನ್ನೂ ಓದಿಬಿಡಲಿ.

ನಿಮ್ಮ
ಸಂಜೀವಯ್ಯ


ಮಧುಗಿರಿ
15-12-1926
(ಕಾರ್ಡು)

ಚಿರಂಜೀವಿ ಸಂಜೀವಯ್ಯನಿಗೆ ಆಶೀರ್ವಾದ.

ಭೇಷ್ ಕಣ್ಲಾ. ಇನ್ನು ಎಲ್ಲಾರ ಮುಂದೂ ನೀನು ಗಾಲಿ ಬೊಮ್ಮಪ್ಪನ ಮಗ ಅಂತ ಹೇಳ್ಕಬೌದು. ಈಗ ಕೇಳು. ಎಡಗಾಲಿ ಸವ್ದಿರೋ ವ್ಯಾಗನ್ನ ಹಿಂದು ಮುಂದು ತಿರುಗಿಸಿ ಕಟ್ಟು, ಎಡದ್ದು ಬಲಕ್ಕಾಗ್ತದೆ, ನಾವು ಗಾಡೀಲಿ ಗಾಲಿ ಮಗುಚಿ ಹಾಕಲ್ವಾ ಅಂಗೆ. ಆಮ್ಯಾಲೆ ಕೀಲೆಣ್ಣೆ ಮಾಡು. ಹರಳೆಣ್ಣೆ ಬಿಸಿ ಮಾಡಿ, ಸುಟ್ಟ ಹುಲ್ಲಿನ ಬೂದಿ ಜರಡಿ ಹಿಡ್ದು ಕಲ್ಸು. ಬೆರಳಿಗೆ ಹತ್ತಿದ್ರೆ ತೊಟ್ಟಿಕ್ಬಾರ್ದು, ಅಷ್ಟು ಗಟ್ಟಿ. ಗೋಣಿ ಚೂರ್ನಾಗೆ ಅದ್ಕಂಡು ಕೊಕ್ಕೆ ತಿರುವಿನ ಹೊರಗಂಬಿಯ ಒಳಮಗ್ಗುಲಿಗೆ ದಿನಾ ಬೆಳಿಗ್ಗೆ ಬಳಿ. ತುಟಿ ಉಜ್ಜೋ ಬದ್ಲು ನುಣ್ಣಗೆ ಜಾರ್ತದೆ, ಸವೀಯಾಕಿಲ್ಲ.

ಬೊಮ್ಮಪ್ಪ

ಯುಗಾದಿಗೆ ಖಂಡಿತ ಬನ್ನಿ. ಇದು ಮಾವ ಹೇಳಿದ್ದಲ್ಲ. – ಗಂ.


ಹೊಗೆಮಟ್ಟಿ
30-1-1927

ಅಪ್ಪನವರಿಗೆ ಸಾವಿರ ನಮಸ್ಕಾರ.

ಗೆದ್ದೆವು! ನಾಲ್ಕು ವಾರದಿಂದ ಕೀಲೆಣ್ಣೆ ಬಳಿಯುತ್ತಿದ್ದೇನೆ. ಮೊದಲು ಅಳತೆಯ ತಗಡನ್ನು ಗಾಲಿಗೆ ಹಿಡಿದರೆ ವಾರಕ್ಕೊಂದು ರಾಗಿಕಾಳು ತೂರುವಷ್ಟು ಹೊಸ ಸಂದು ಬೀಳುತ್ತಿತ್ತು. ಈಗ ನಾಲ್ಕು ವಾರಕ್ಕೆ ಕೂದಲೆಳೆಯೂ ತೂರುವುದಿಲ್ಲ. ಕೊಕ್ಕೆ ತಿರುವಿನಲ್ಲಿ ಹಂದಿ ಕೊಯ್ದ ಹಾಗೆ ಕಿರುಚುತ್ತಿದ್ದ ಗಾಡಿ ಈಗ ಸದ್ದಿಲ್ಲದೆ ಇಳಿಯುತ್ತದೆ. "ನಿದ್ದೆ ಬಂದ್ಬುಡ್ತದೆ ಕಣ್ಲಾ, ಸ್ವಲ್ಪ ಸದ್ದಿರ್ಲಿ ಬುಡು" ಎಂದು ಪಾಲಪ್ಪ ಗೇಲಿ ಮಾಡುತ್ತಾನೆ. ಹರಳೆಣ್ಣೆಯ ವಾಸನೆಗೆ ನನ್ನ ಪಕ್ಕ ಊಟಕ್ಕೆ ಕೂರಲು ಒಲ್ಲೆ ಅನ್ನುತ್ತಾನೆ, ಕೂರುತ್ತಾನೆ.

ಸಾಹೇಬರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಯುಗಾದಿಗೆ ಹದಿನೈದು ದಿನ ರಜ ಬರೆದುಕೊಟ್ಟಿದ್ದಾರೆ. ಪಾಲಪ್ಪನಿಗೂ ಕೊಟ್ಟಿದ್ದಾರೆ.

ನಿಮ್ಮ ಕಾರ್ಡು ಯಾವಾಗಲೂ ನನ್ನ ಅಂಗಿಯ ಜೇಬಿನಲ್ಲಿರುತ್ತದೆ. ಅದರ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಆ ಸಾಲಿನಂತೆಯೇ ನಡೆಯುತ್ತೇನೆ, ತಪ್ಪುವುದಿಲ್ಲ.

ನಿಮ್ಮ ಮಗ
ಸಂಜೀವಯ್ಯ


ಮಧುಗಿರಿ
11-2-1927
(ಕಾರ್ಡು)

ಚಿರಂಜೀವಿಗೆ ಆಶೀರ್ವಾದ.

ನಿನ್ ಕಾಗ್ದ ಎರಡು ಸಲ ಓದಿಸ್ದೆ. ಅಂಗಡಿ ಮುಂದೆ ಗಾಡಿ ಬುಟ್ಟಿದ್ದೋರಿಗೆಲ್ಲ ಇನ್ನೊಂದ್ ಸಲ ಓದಿಸ್ದೆ. ಕೊನೇ ಸಾಲ್ನಂಗೆ ನಡೀತೀನಿ ಅಂತ ಬರ್ದಿದೀಯಲ್ಲ, ಅಷ್ಟೇ ಸಾಕು ಕಣ್ಲಾ ನಂಗೆ. ಮಿಕ್ಕಿದ್ದೆಲ್ಲ ಮರ್ತ್ರೂ ಅಡ್ಡಿಯಿಲ್ಲ, ಆ ಸಾಲೊಂದು ಮರೀಬಾರ್ದು. ಅದನ್ನ ಓದೋವಾಗ ಗಂಗರತ್ನ ಮೂರ್ ಸಲ ಕೆಮ್ಮಿದ್ಲು, ನೆಗಡಿ ಅಂತ ಕಾಣ್ತದೆ, ಮೆಣಸಿನ ಕಷಾಯ ಕುಡಿ ಅಂದಿವ್ನಿ.

ಪಾಲಪ್ಪನ್ನ ಕರ್ಕಂಡೇ ಬಾ. ಓಬಕ್ಕ ಅವನಿಗೆ ಹೆಣ್ಣು ನೋಡವ್ಳೆ. ತುಮಕೂರ್ನಾಗೆ ರೈಲಿಳ್ದು ಕೊರಟಗೆರೆ ಮ್ಯಾಲೆ ಬನ್ನಿ, ಕೊಳಾಲದ ದಾರಿ ಕವಲಿಗೆ ನಾನೇ ಗಾಡಿ ತರ್ತೀನಿ. ಅದಕ್ಕೆ ಹೊಸ ಗಾಲಿ ಕಟ್ತಿವ್ನಿ.

ಬೊಮ್ಮಪ್ಪ


ಹೊಗೆಮಟ್ಟಿ
18-3-1927

ಅಪ್ಪ,

ಪಾಲಪ್ಪ ಹೋದ.

ಮಂಗಳವಾರ ಬೆಳಿಗ್ಗೆ. ರಾಗಿಕಲ್ಲು ತೊಳೆಯುವಷ್ಟು ಸಣ್ಣ ಮಳೆ ಹನಿದು ನಿಂತಿತ್ತು. ಹನ್ನೊಂದು ತುಂಬಿದ ವ್ಯಾಗನ್ ಇಳಿಯುತ್ತಿದ್ದವು. ಕೊಕ್ಕೆ ತಿರುವಿಗೆ ಮೊದಲು ಅವನು ಬ್ರೇಕು ಬಿಗಿದ. ಗಾಲಿಗಳು ತಿರುಗುವುದನ್ನು ನಿಲ್ಲಿಸಿದವು, ಗಾಡಿ ಮಾತ್ರ ನಿಲ್ಲಲಿಲ್ಲ. ಎಣ್ಣೆಯ ಮೇಲೆ ಹಾಗೆಯೇ ಜಾರಿಕೊಂಡು ಹೋಯಿತು. ಹಾರಿಕೋ ಎಂದು ನಾನು ಕೆಳಗಿನಿಂದ ಕೂಗಿದೆ. ಅವನು ಎರಡು ಕೈಯಲ್ಲೂ ಬ್ರೇಕಿನ ಚಕ್ರ ಹಿಡಿದುಕೊಂಡು ತಿರುಗಿಸುತ್ತಲೇ ಇದ್ದ. ಆರು ವ್ಯಾಗನ್ ಕಂದಕಕ್ಕೆ ಬಿದ್ದವು, ಕೊನೆಯದು ಅವನದು. ಅದಿರನ್ನು ತೋಡಿ ತೆಗೆಯಲು ಮಧ್ಯಾಹ್ನವಾಯಿತು.

ಸಾಹೇಬರು ವಿಚಾರಣೆ ನಡೆಸಿದರು. ಗಾಲಿ ಸರಿಯಾಗಿತ್ತು, ತುಟಿ ಸರಿಯಾಗಿತ್ತು, ಬ್ರೇಕೂ ಸರಿಯಾಗಿತ್ತು. ಕಂಬಿಯ ತಲೆಯ ಮೇಲೆ ಎಣ್ಣೆ ಇತ್ತು. ಬಳಿದವನು ನಾನು. ಮೊದಮೊದಲು ಒಳಮಗ್ಗುಲಿಗೆ ಮಾತ್ರ ಬಳಿಯುತ್ತಿದ್ದೆ. ಆಮೇಲೆ, ತಲೆಯೂ ಸವೆಯುತ್ತಿದೆಯಲ್ಲ, ಅದಕ್ಕೂ ಒಳ್ಳೆಯದಾಗಲಿ ಎಂದು ಅಲ್ಲಿಗೂ ಒಂದು ಕೈ ಎಳೆದೆ. ಒಣ ಹವೆಯಲ್ಲಿ ಏನೂ ಆಗಿರಲಿಲ್ಲ. ಎತ್ತಿನ ಗಾಡಿಯಲ್ಲಿ ನೆಲ ಹಿಡಿಯುವುದು ಎತ್ತಿನ ಕಾಲು, ಗಾಲಿ ಬರೀ ಉರುಳುತ್ತದೆ. ರೈಲಿನಲ್ಲಿ ಗಾಲಿಯೇ ಹಿಡಿಯಬೇಕು. ಗಾಡಿಯ ಮನೆಯಲ್ಲಿ ಹುಟ್ಟಿದ ನನಗೆ ಇದು ಹೊಳೆಯಲಿಲ್ಲ.

ಆದರೆ ನಿಮಗೆ ಹೊಳೆಯಲಿಲ್ಲವೇ? ನಲವತ್ತು ವರ್ಷ ಗಾಲಿ ಕಟ್ಟಿದವರು ನೀವು. ಹುಲ್ಲಿನ ಬೂದಿ ಜರಡಿ ಹಿಡಿ ಎನ್ನುವುದನ್ನೂ ಬಿಡದೆ ಬರೆಸಿದಿರಿ. ತಲೆಗೆ ತಾಕಿಸಬೇಡ ಎಂದು ಒಂದು ಮಾತು ಯಾಕೆ ಬರೆಸಲಿಲ್ಲ ಅಪ್ಪ? ವಿಚಾರಣೆಯಲ್ಲಿ ನಿಮ್ಮ ಕಾರ್ಡನ್ನು ನನ್ನ ಜೇಬಿನಿಂದ ತೆಗೆಸಿ, ಗುಮಾಸ್ತರ ಕೈಯಲ್ಲಿ ಎಲ್ಲರ ಮುಂದೆ ಓದಿಸಿದರು. ಹುಡುಕಿದರು. ಆ ಮಾತು ಅದರಲ್ಲಿ ಇರಲಿಲ್ಲ.

ಯುಗಾದಿಗೆ ಬರುವುದಿಲ್ಲ. ಕೊಳಾಲದ ಕವಲು ದಾಟಿ ಯಾವ ಮುಖ ಹೊತ್ತು ಬರಲಿ?

ಸಂಜೀವಯ್ಯ


ಮಧುಗಿರಿ
26-3-1927
(ಕಾರ್ಡು)

ಚಿರಂಜೀವಿ ಸಂಜೀವಯ್ಯನಿಗೆ.

ನಾನೇ ಮರ್ತೆ ಕಣಪ್ಪ. ತಲೆಗೆ ತಾಕಿಸ್ಬೇಡ ಅಂತ ಹೇಳ್ಬೇಕಾಗಿತ್ತು, ಹೇಳ್ಲಿಲ್ಲ. ವಯಸ್ಸಾಯ್ತು, ಬುದ್ಧಿ ಮಂಕಾಗೈತೆ. ತಪ್ಪು ನಂದು, ನಿಂದಲ್ಲ, ಬ್ಯಾರೆ ಯಾರ್ದೂ ಅಲ್ಲ. ಕೊಳಾಲಕ್ಕೆ ಹೋಗಿ ಓಬಕ್ಕನ ಮುಂದೂ ಇದನ್ನೇ ಹೇಳಿ ಬಂದಿವ್ನಿ. ಮನೆಗೆ ಬಾ.

ಬೊಮ್ಮಪ್ಪ


ಮಧುಗಿರಿ
4-4-1927
(ಕವರು)

ಸಂಜೀವಯ್ಯನವರಿಗೆ, ಗಂಗರತ್ನಮ್ಮ ತಾನೇ ಬರೆಯುವ ಪತ್ರ.

ಬಾಯಲ್ಲಿ ಹೇಳಬಾರದ ಹೆಸರನ್ನು ಈ ಕೈ ಎಷ್ಟೋ ಸಲ ಮಾವನವರ ಪರವಾಗಿ ಬರೆದಿದೆ. ನನ್ನ ಪರವಾಗಿ ಬರೆಯುತ್ತಿರುವುದು ಇದೇ ಮೊದಲು. ಮುಚ್ಚಿಡುವ ಮಾತೇನೂ ಇಲ್ಲದ ಈ ಮನೆಯಿಂದ ಮುಚ್ಚಿದ ಕವರು ಹೋಗುತ್ತಿರುವುದೂ ಇದೇ ಮೊದಲು.

ಮಾವನವರು ಮರೆತಿರಲಿಲ್ಲ. ಡಿಸೆಂಬರಿನ ಆ ಕಾರ್ಡಿಗೆ ಅವರು ಕೊನೆಯಲ್ಲಿ ಹೇಳಿದ ಮಾತು ಅಕ್ಷರ ಬಿಡದೆ ನನ್ನ ಕಿವಿಯಲ್ಲಿದೆ: "ಕಂಬಿ ತಲೆಗೆ ಮಾತ್ರ ಒಂದು ತೊಟ್ಟೂ ತಾಕಿಸ್ಬೇಡ. ನಿನ್ ಗಾಡಿಗೆ ಎತ್ತಿಲ್ಲ, ಗಾಲಿನೇ ಎತ್ತಿನ ಕಾಲು, ಜಾರಿದ್ರೆ ಹಿಡಿಯೋರಿಲ್ಲ. ಇದೇ ಮುಖ್ಯ, ಕೊನೇಗೆ ಎದ್ದು ಕಾಣೋ ಹಂಗೆ ಬರಿ." ಕಾರ್ಡಿನಲ್ಲಿ ಎರಡು ಬೆರಳು ಜಾಗ ಉಳಿದಿತ್ತು. ಆ ಮಾತು ಅಷ್ಟರಲ್ಲಿ ಹಿಡಿಯುತ್ತಿತ್ತು. ಆದರೆ ಅದನ್ನು ಬರೆದರೆ ನನಗೆ ಜಾಗವಿರಲಿಲ್ಲ.

ಎರಡು ವರ್ಷ ನಿಮ್ಮ ಪತ್ರಗಳನ್ನು ಜೋರಾಗಿ ಓದಿದ್ದೇನೆ. ಓದುವವರು ಕ್ಷೇಮವೇ ಎಂದು ನೀವು ಕೇಳಿದ್ದನ್ನೂ ಮಾವನವರ ಮುಂದೆ ಗಟ್ಟಿಯಾಗಿ ಓದಿ, ಉತ್ತರ ಬರೆಯದೆ ಕಾರ್ಡು ಮುಗಿಸಿದ್ದೇನೆ. ಓದುವವರ ದನಿ ನೆನಪು ಮಾಡಿಕೊಳ್ಳುತ್ತೇನೆ ಎಂದು ನೀವು ಬರೆದಿರಿ. ಅದಾದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಎಣ್ಣೆಯ ಮಾತು ಇಷ್ಟೆಲ್ಲ ಬರೆದಾಯಿತಲ್ಲ, ಒಳಮಗ್ಗುಲು ಎಂದಮೇಲೆ ತಲೆಗೆ ಯಾಕೆ ಬಳಿಯುತ್ತಾರೆ, ಅಷ್ಟು ತಿಳಿಯದವರೇ ಅಂದುಕೊಂಡೆ. ನನ್ನ ಸಾಲು ಬರೆದೆ. "ಬರ್ದ್ಯೇನವ್ವಾ?" ಎಂದು ಕೇಳಿದರು. "ಹೂಂ ಮಾವ" ಅಂದೆ.

ಆಮೇಲೆ ನಿಮ್ಮ ಪತ್ರ ಬಂತು, ಕೊನೆಯ ಸಾಲಿನಂತೆ ನಡೆಯುತ್ತೇನೆ ಎಂದು. ನೀವು ನನಗೆ ಹೇಳಿದ್ದು. ಮಾವನವರು ತಮ್ಮ ಮಾತಿಗೆ ಹೇಳಿದ್ದೆಂದು ಹಿಗ್ಗಿದರು. ಆಗಲಾದರೂ ಹೇಳಬಹುದಿತ್ತು. ನಿಮಗೊಂದು ಸಾಲು ಬರೆಯಬಹುದಿತ್ತು. ನೀವು ಬರುತ್ತೀರೆಂಬ ಸಂತೋಷ ಒಂದು ಕಡೆ, ಸಿಕ್ಕಿಬೀಳುವ ನಾಚಿಕೆ ಒಂದು ಕಡೆ. ಕೆಮ್ಮಿದೆ, ಕಷಾಯ ಕುಡಿದೆ, ಸುಮ್ಮನಾದೆ. ಒಂದು ಸಲದ ತಪ್ಪಲ್ಲ ನನ್ನದು, ಎರಡು ಸಲದ್ದು.

ಪಾಲಪ್ಪ ಹೋದ ಪತ್ರವನ್ನೂ ನಾನೇ ಓದಬೇಕಾಯಿತು. ಒಂದು ಮಾತು ಯಾಕೆ ಬರೆಸಲಿಲ್ಲ ಅಪ್ಪ ಎಂಬಲ್ಲಿಗೆ ಬಂದು ದನಿ ನಿಂತುಹೋಯಿತು. ತಲೆ ಎತ್ತಿದೆ. ಮಾವನವರು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಆಗಲೇ ಗೊತ್ತಾಯಿತು. ಮಾರನೆಯ ದಿನ ನನ್ನನ್ನು ಕರೆದುಕೊಂಡು ಕೊಳಾಲಕ್ಕೆ ಹೊರಟರು. ನಿಮಗಾಗಿ ಕಟ್ಟಿದ್ದ ಹೊಸ ಗಾಲಿಯ ಗಾಡಿ ಇತ್ತು, ಅದನ್ನು ಹೂಡಲಿಲ್ಲ, ನಡೆದೇ ಹೋದೆವು. ಓಬಕ್ಕನ ಮುಂದೆ ನೆಲದ ಮೇಲೆ ಕೂತು "ನಾನು ಹೇಳೋದು ಮರ್ತೆ, ನಿನ್ ಮಗ ಹೋದ" ಅಂದರು. ಆಯಮ್ಮ ಬೈಯಲಿಲ್ಲ. "ಅವತ್ತು ಉಂಡಿದ್ನಾ?" ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಮತ್ತೆ ಮತ್ತೆ ಅದನ್ನೇ ಕೇಳಿದರು. ನಾನೇ ಮಾಡಿದ್ದು ಎಂದು ಹೇಳಲು ಬಾಯಿ ತೆರೆದೆ, ಮಾವನವರು ನನ್ನ ಮೊಣಕೈ ಹಿಡಿದು ಒತ್ತಿದರು.

ಕಾರ್ಡು ಬರೆಸಿದ್ದು ಅಲ್ಲಿಂದ ಬಂದಮೇಲೆ. ನಾನೇ ಮರೆತೆ ಎಂದು ಅವರು ಹೇಳಿದ್ದನ್ನು ನನ್ನ ಕೈಯಲ್ಲೇ ಬರೆಯಬೇಕಾಯಿತು. ಬರೆಯುವುದಿಲ್ಲ ಅಂದೆ. "ಹೇಳ್ದಂಗೇ ಬರಿ" ಅಂದರು. ಬರೆದು ಮುಗಿಸಿದಾಗ ಅರ್ಧ ಕಾರ್ಡು ಖಾಲಿ ಇತ್ತು. ಅದನ್ನು ಕೈಗೆ ತೆಗೆದುಕೊಂಡು, ಓದಲು ಬಾರದ ಕಣ್ಣಿನಲ್ಲಿ ನೋಡಿ, "ಇನ್ನೂ ಜಾಗ ಐತಲ್ಲವ್ವ, ನೀನೂ ಏನಾರ ಬರ್ಕೋ" ಅಂದರು. ಕೋಪದಲ್ಲಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಅಂದದ್ದು ಹಾಗಲ್ಲ.

ಅಂಗಡಿಗೆ ಬರುವ ಗಾಡಿಯವರಿಗೆಲ್ಲ ಅವರೇ ಹೇಳುತ್ತಾರೆ, ನನ್ನ ಮಾತು ನಂಬಬೇಡಿ, ನಾನು ಮರೆಯುತ್ತೇನೆ ಎಂದು. ಉಳಿ ಮುಟ್ಟಿ ಹತ್ತು ದಿನವಾಯಿತು. ನಿನ್ನೆ ಯುಗಾದಿ. ಬೇವುಬೆಲ್ಲ ಬೆರೆಸಿ ಕೊಟ್ಟೆ, ಬಾಗಿಲ ಕಡೆ ನೋಡುತ್ತ ತಿಂದರು.

ನೀವು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ಬೈಯುವುದಾದರೆ ನನ್ನನ್ನು ಬೈಯಿರಿ, ಬಿಡುವುದಾದರೆ ನನ್ನನ್ನು ಬಿಡಿ. ನಾನು ತಿರುಮಣಿಗೆ ಹೋಗುತ್ತೇನೆ ಎಂದರೆ ಮಾವನವರು ಬಿಡುತ್ತಿಲ್ಲ. ನೀವು ಒಂದು ಮಾತು ಬರೆದರೆ ಹೋಗುತ್ತೇನೆ. ಅಪ್ಪನನ್ನು ಮಾತ್ರ ಹೀಗೆ ಇಡಬೇಡಿ.

ಪಾಲಪ್ಪನವರು ಅವತ್ತು ಉಂಡಿದ್ದರೇ? ಅದೊಂದು ತಿಳಿಸಿ.

ಗಂಗರತ್ನ


ಹೊಗೆಮಟ್ಟಿ
20-9-1927
(ಕಾರ್ಡು)

ಅಪ್ಪನವರಿಗೆ ನಮಸ್ಕಾರ.

ಆರು ತಿಂಗಳು ಬರೆಯಲಿಲ್ಲ, ಬರೆಯಲು ಆಗಲಿಲ್ಲ. ಕೊಕ್ಕೆ ತಿರುವಿನ ಹೊರಗಂಬಿಯನ್ನು ಈಗ ಎತ್ತಿಸಿದ್ದಾರೆ. ಎಣ್ಣೆಯಿಲ್ಲದೆಯೇ ತುಟಿಯ ಸವೆತ ಅರ್ಧಕ್ಕಿಳಿದಿದೆ. ನನ್ನ ಸುತ್ತಿಗೆ ಕಿತ್ತುಕೊಂಡು ಕಂಬಿ ಗ್ಯಾಂಗಿಗೆ ಹಾಕಿದರು. ಆ ಕಂಬಿ ಎತ್ತಿದವರಲ್ಲಿ ನಾನೂ ಒಬ್ಬ.

ನೀವು ಮರೆತಿರಲಿಲ್ಲ. ತಲೆಗೆ ತಾಕಿಸಬೇಡ ಎಂಬ ಮಾತು ಕಾರ್ಡಿನಲ್ಲಿತ್ತು. ನಾನೇ ನೋಡಿಕೊಳ್ಳದೆ ಸಂಕಟದಲ್ಲಿ ಇಲ್ಲವೆಂದು ಬರೆದೆ. ಇದನ್ನು ಗಾಡಿಯವರ ಮುಂದೆಯೂ ಓದಿಸಿ. ಉಳಿ ಎತ್ತಿಕೊಳ್ಳಿ. ಓಬಕ್ಕನಿಗೆ ಹೇಳಿ, ಅವತ್ತು ಬೆಳಿಗ್ಗೆ ಅವನು ಉಂಡೇ ಹೋದ. ಎರಡು ಮುದ್ದೆ, ಹುರುಳಿ ಸಾರು. ಮುದ್ದೆ ಕಟ್ಟಿದ್ದು ನಾನು.

ನಿಮ್ಮ ಮಗ
ಸಂಜೀವಯ್ಯ

ಓದುವವರಿಗೆ: ಇದನ್ನು ಜೋರಾಗಿ ಓದಬೇಡ. ಕವರಿನ ಪತ್ರವನ್ನು ಒಲೆಗೆ ಹಾಕಿದೆ. ಯಾರಿಗೂ ಹೇಳಬೇಡ, ಎಲ್ಲಿಗೂ ಹೋಗಬೇಡ, ಅಪ್ಪನ ಜೊತೆಯಲ್ಲೇ ಇರು. ಕೋಪವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆ ಕಾರ್ಡು ಸಾಹೇಬರ ಫೈಲಿಗೆ ಸೇರಿಹೋಯಿತು. ವಾಪಸು ಕೊಡಿ ಎಂದು ಮೂರು ಸಲ ಕೇಳಿದೆ, ಕೊಡಲಿಲ್ಲ. ಆ ಕವರು ಬಿಟ್ಟರೆ ನೀನು ನನಗೆ ಬರೆದದ್ದು ಅದೊಂದೇ ಸಾಲು. ಊರಿಗೆ ಬರುವ ವಿಚಾರ ಬರೆಯೋಣವೆಂದರೆ ಕಾರ್ಡಿನಲ್ಲಿ ಜಾಗವಿಲ್ಲ.